ಇಬ್ಬರೂ ಮೂರು ಕೊಟ್ಟ ಪ್ರಬಂಧ

ಕಾಲೇಜಿನಲ್ಲಿ ಸೆಮಿನಾರ್ ಅಂದರೆ ಎಲ್ಲರೂ ಮೊದಲು ಯೋಚಿಸುವುದು ಬ್ಯಾನರ್, ಬ್ಯಾಗು, ಊಟ. ಯಾರು ಏನು ಮಾತಾಡಬೇಕು ಅನ್ನುವುದು ಕೊನೆಗೆ. ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಸ್ಥಳೀಯ ಇತಿಹಾಸದ ಮೇಲೆ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ ಅಂತ ಗೊತ್ತಾದಾಗ ಆ ಕೊನೆಯ ಕೆಲಸ ನನ್ನ ಪಾಲಿಗೆ ಬಂತು. ಇತಿಹಾಸ ವಿಭಾಗದಲ್ಲಿ ಇರುವುದೇ ಇಬ್ಬರು. ಇನ್ನೊಬ್ಬರು ಊಟದ ಜವಾಬ್ದಾರಿ ತಗೊಂಡರು. ಜಾಣರು.

ಪ್ರಕಟಣೆ ಹೊರಟ ಮೇಲೆ ಬಂದ ಫೋನುಗಳಲ್ಲಿ ವಿಷಯದ ಬಗ್ಗೆ ಕೇಳಿದವರು ಕಡಿಮೆ. "ಮೇಡಂ, ನ್ಯಾಷನಲ್ಲೋ ಇಂಟರ್‌ನ್ಯಾಷನಲ್ಲೋ?" ಅನ್ನುವುದೇ ಪ್ರಶ್ನೆ. ಅವರನ್ನು ಬೈಯುವಂತಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಪ್ರಬಂಧ ಮಂಡನೆಗೆ, ಅಧ್ಯಾಪಕರ ನೇಮಕ, ಬಡ್ತಿಗೆ ಲೆಕ್ಕ ಹಾಕುವ ಅಂಕ ಇದೆ. ರಾಜ್ಯ ಮಟ್ಟದ್ದಕ್ಕೆ 2, ರಾಷ್ಟ್ರೀಯಕ್ಕೆ 3, ದೇಶದೊಳಗೇ ನಡೆಯುವ ಅಂತಾರಾಷ್ಟ್ರೀಯಕ್ಕೆ 5, ಹೊರದೇಶದಲ್ಲಿ ಮಂಡಿಸಿದರೆ 7. ಆ ಎರಡು ಅಂಕ ಜಾಸ್ತಿ ಸಿಗಲಿ ಅಂತ ಹೊರದೇಶದ ಒಬ್ಬರನ್ನು ಆನ್‌ಲೈನಿನಲ್ಲಿ ಹತ್ತು ನಿಮಿಷ ಮಾತಾಡಿಸಿ ಅಂತಾರಾಷ್ಟ್ರೀಯ ಅಂತ ಬ್ಯಾನರ್ ಕಟ್ಟಿದ್ದನ್ನು ನೋಡಿದ್ದೇನೆ. ನಮ್ಮ ಪ್ರಾಚಾರ್ಯರಿಗೂ ಆ ಆಸೆ ಇಣುಕಿತ್ತು. ಬೇಡ ಸರ್, ವಿಷಯವೇ ಸ್ಥಳೀಯ ಇತಿಹಾಸ, ನಗುತ್ತಾರೆ ಅಂದೆ. ಬಿಟ್ಟರು.

ಮೊದಲು ಎಷ್ಟು ಜನರಿಗೆ ಜಾಗ ಇದೆ ಅಂತ ಲೆಕ್ಕ ಹಾಕಬೇಕು. ಬಹಳ ಕಡೆ ಇದನ್ನು ಮಾಡುವುದೇ ಇಲ್ಲ. ಬಂದವರಿಗೆಲ್ಲ ಹೂಂ ಅಂದು, ಕೊನೆಗೆ ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟು, "ಸಮಯದ ಅಭಾವ" ಅನ್ನುತ್ತಾರೆ. ಮೊದಲ ದಿನದ ಬೆಳಗ್ಗೆ ಹೇಗೂ ಉದ್ಘಾಟನೆಗೆ ಹೋಗುತ್ತದೆ: ಪ್ರಾರ್ಥನೆ, ಸ್ವಾಗತ, ದೀಪ, ಆಶಯ ನುಡಿ, ಸನ್ಮಾನ, ವಂದನಾರ್ಪಣೆ. ಉಳಿಯುವುದು ಅಂದು ಮಧ್ಯಾಹ್ನ ಎರಡು ಗೋಷ್ಠಿ, ಮರುದಿನ ಸಮಾರೋಪಕ್ಕೆ ಮುಂಚೆ ಮೂರು. ಒಂದೊಂದು ಗೋಷ್ಠಿ ಒಂದೂವರೆ ತಾಸು. ಹದಿನೈದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ ಅಂದರೆ ನಾಲ್ಕು ಜನ, ಉಳಿದ ಹತ್ತು ನಿಮಿಷ ಅಧ್ಯಕ್ಷರಿಗೆ. ಒಂದೇ ಸಭಾಂಗಣ ಆದರೆ 20 ಪ್ರಬಂಧ, ಎರಡಾದರೆ 40. ನನಗೆ ಇಪ್ಪತ್ತೇ ಸಾಕಿತ್ತು. ಪ್ರಾಚಾರ್ಯರು ನೋಂದಣಿ ಶುಲ್ಕ ನೋಡಿ ಎಂಬತ್ತು ಅಂದರು. ನಲವತ್ತಕ್ಕೆ ಬಂದು ನಿಂತಿತು. ಬಂದ ಸಾರಾಂಶಗಳು ನೂರಕ್ಕೂ ಜಾಸ್ತಿ.

ಅವನ್ನು ಓದುವ ಮೊದಲು ಓದುವ ಹಾಗೆ ಮಾಡಬೇಕಲ್ಲ! ಯೂನಿಕೋಡ್‌ನಲ್ಲೇ (ಎಲ್ಲ ಕಡೆ ಕನ್ನಡವಾಗಿಯೇ ತೆರೆಯುವ ಅಕ್ಷರ ಸಂಕೇತ) ಕಳಿಸಿ ಅಂತ ಪ್ರಕಟಣೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಆದರೂ ಅರ್ಧದಷ್ಟು ಜನ ಹಳೆಯ ಫಾಂಟಿನಲ್ಲೇ ಕಳಿಸಿದ್ದರು. ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಬರುತ್ತದೆ, ಆದರೆ ಅರ್ಕಾವತ್ತು ಎಲ್ಲೋ ಹಾರಿ ಕೂತಿರುತ್ತದೆ, ಒತ್ತಕ್ಷರ ಮುರಿದಿರುತ್ತದೆ. ಇನ್ನೊಂದು ವಿಷಯ ಆಗಲೇ ತಿಳಿಯಿತು. ಹಳೆಯ ಫಾಂಟಿನ ಬರಹವನ್ನು ಹಾಗೇ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರಿಗೆ ಕೊಟ್ಟರೆ ಹೋಲಿಕೆ ಸೊನ್ನೆ. ಅದಕ್ಕೆ ಅದು ಕನ್ನಡವೇ ಅಲ್ಲವಲ್ಲ, ಯಾವುದರ ಜೊತೆ ಹೋಲಿಸೀತು? ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ ಅಂತ ಯುಜಿಸಿ ನಿಯಮ ಹೇಳುತ್ತದೆ. ಇಲ್ಲಿ ಪೂರ್ತಿ ನಕಲು ಮಾಡಿದವರೂ ಸೊನ್ನೆಯಲ್ಲಿ ಪಾಸ್. ಹಾಗಾಗಿ ಅನುಮಾನ ಬಂದ ಕಡೆ ಒಂದೊಂದು ಸಾಲನ್ನು ಯೂನಿಕೋಡಿಗೆ ತಿರುಗಿಸಿ ಗೂಗಲ್‌ನಲ್ಲಿ ಹುಡುಕಿದೆ. ಕೆಲವರು ಅಲ್ಲೇ ಸಿಕ್ಕಿಬಿದ್ದರು.

ಪ್ರತಿ ಸಾರಾಂಶವನ್ನು ಇಬ್ಬರು ಓದಬೇಕು, ಐದಕ್ಕೆ ಅಂಕ ಕೊಡಬೇಕು, ಎರಡು ಸಾಲು ಕಾರಣ ಬರೆಯಬೇಕು. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯ ಪರಿಚಯದವರನ್ನು ಕೇಳಿಕೊಂಡೆ. ಇದಕ್ಕೆ ಗೌರವಧನ ಇಲ್ಲ. ಒಂದು ಶಾಲು ಕೂಡ ಇಲ್ಲ. ಒಪ್ಪಿದ್ದೇ ಅವರ ದೊಡ್ಡತನ. ಅಂಕ ಬರತೊಡಗಿದ ಮೇಲೆ ಒಬ್ಬೊಬ್ಬರ ಕೈ ಒಂದೊಂದು ಥರ ಅಂತ ಕಂಡಿತು. ವಿಜಯಪುರದ ಸರ್ ಯಾರಿಗೂ ನಾಲ್ಕಕ್ಕಿಂತ ಕಡಿಮೆ ಕೊಡುವವರಲ್ಲ. ಧಾರವಾಡದ ಮೇಡಂ ಮೂರು ಕೊಟ್ಟರು ಅಂದರೆ ಮೆಚ್ಚಿದರು ಅಂತ ಅರ್ಥ. ಹೀಗಿರುವಾಗ ಸುಮ್ನೆ ಕೂಡಿಸಿ ಭಾಗಿಸಿದರೆ ಸರ್ ಕೈಗೆ ಹೋದವರು ಗೆದ್ದರು, ಮೇಡಂ ಕೈಗೆ ಹೋದವರು ಸತ್ತರು. ಅದಕ್ಕೆ ಒಬ್ಬರು ಓದಿದ್ದರಲ್ಲೇ ಯಾವುದು ಮೇಲೆ, ಯಾವುದು ಕೆಳಗೆ ಅಂತ ಸಾಲು ಮಾಡಿಕೊಂಡು, ಆ ಸಾಲುಗಳನ್ನು ಹೋಲಿಸಿದೆ. ಎಕ್ಸೆಲ್ ಗೊತ್ತಿದ್ದರೆ ಒಂದು ಸಂಜೆಯ ಕೆಲಸ.

ಹೆಸರು ಮುಚ್ಚಿ ಕಳಿಸಿದ್ದೆ. ನಮ್ಮ ಕ್ಷೇತ್ರದಲ್ಲಿ ಅದು ಶಾಸ್ತ್ರಕ್ಕೆ ಮಾತ್ರ. ಹುನಗುಂದ ತಾಲ್ಲೂಕಿನ ಯಾವ ಊರಿನ ವೀರಗಲ್ಲಿನ ಮೇಲೆ ಯಾರು ಓಡಾಡುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಶೀರ್ಷಿಕೆ ಓದಿದ ತಕ್ಷಣ "ಇದು ನಮ್ಮ ಹುಡುಗಂದು ಅನಸ್ತದ್ರೀ, ಬ್ಯಾರೇಯವ್ರಿಗೆ ಕೊಡ್ರಿ" ಅಂತ ಫೋನ್ ಮಾಡಿ ವಾಪಸ್ ಕೊಟ್ಟವರು ಒಬ್ಬರು. ಹೆಸರು ಮುಚ್ಚುವುದಕ್ಕಿಂತ ಇಂಥ ಪ್ರಾಮಾಣಿಕತೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ವಿಷಯ. ಅತಿ ಹೆಚ್ಚು ಸಾರಾಂಶಗಳು ಚಾಲುಕ್ಯರ ಮೇಲೆ ಬಂದಿದ್ದವು. ಬಾಗಲಕೋಟೆ ಅಂದ ಮೇಲೆ ಅದು ಸಹಜ. ತೊಂದರೆ ಏನೆಂದರೆ ಎಲ್ಲವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಬಾದಾಮಿ ಮೂರನೇ ಗುಹೆಯ 578ರ ಮಂಗಳೇಶನ ಶಾಸನ, ಐಹೊಳೆ ಮೇಗುತಿ ಗುಡಿಯ 634ರ ರವಿಕೀರ್ತಿಯ ಶಾಸನ, ಅದರಲ್ಲಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಕೊನೆಗೆ "ಒಂದು ಅಧ್ಯಯನ". ಈಚೆಗೆ ಎಐ ಬರೆದುಕೊಟ್ಟವೂ ಸೇರಿಕೊಂಡಿವೆ. ಒಂದೂ ತಪ್ಪಿಲ್ಲದ ಕನ್ನಡ, ಒಂದೂ ಊರಿನ ಹೆಸರಿಲ್ಲ. ಇಂಥವಕ್ಕೆ ಪರಿಶೀಲಕರು ಇಬ್ಬರೂ ಮೂರು ಕೊಡುತ್ತಾರೆ. ತಪ್ಪು ಏನೂ ಇಲ್ಲ, ಹೊಸದೂ ಏನೂ ಇಲ್ಲ, ಹಾಗಾಗಿ ಮೂರು. ಅಂಕವನ್ನೇ ನಂಬಿ ಮೇಲಿನಿಂದ ನಲವತ್ತು ಎಣಿಸಿದರೆ ಪಟ್ಟಿ ತುಂಬ ಇವೇ ತುಂಬಿಕೊಳ್ಳುತ್ತವೆ.

ಒಬ್ಬರು ಐದು ಕೊಟ್ಟು ಇನ್ನೊಬ್ಬರು ಒಂದು ಕೊಟ್ಟದ್ದು ಇದೆಯಲ್ಲ, ನಾನು ಮೊದಲು ಅದನ್ನು ಓದುತ್ತೇನೆ. ಸರಾಸರಿ ಅದಕ್ಕೂ ಮೂರೇ. ಆದರೆ ಅಲ್ಲಿ ಜಗಳ ಆಡುವಂಥದ್ದು ಏನೋ ಇದೆ.

ಗುಳೇದಗುಡ್ಡದಿಂದ ಒಂದು ಬಂದಿತ್ತು. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಕೈಯಲ್ಲಿ ಬರೆದ ಆರು ಸಾಲು, ವಾಟ್ಸಾಪಿನಲ್ಲಿ ಫೋಟೋ. ನಮ್ಮ ಅಜ್ಜನ ಖಣದ (ರವಿಕೆ ಬಟ್ಟೆ) ವ್ಯಾಪಾರದ ಲೆಕ್ಕದ ಪುಸ್ತಕ ಮನೆಯಲ್ಲಿದೆ, ಮೋಡಿ ಲಿಪಿಯಲ್ಲಿದೆ (ಹಿಂದೆ ಮರಾಠಿಗೆ ಬಳಸುತ್ತಿದ್ದ ಕೂಡುಬರಹ), ನನಗೆ ಓದಲು ಬರುತ್ತದೆ, ಮಹಾರಾಷ್ಟ್ರದ ಯಾವ ಯಾವ ಪೇಟೆಗೆ ಎಷ್ಟು ಖಣ ಹೋಯಿತು ಅಂತ ಓದಿ ಹೇಳುತ್ತೇನೆ, ಇಷ್ಟೇ. ಒಬ್ಬ ಪರಿಶೀಲಕರು ಐದು ಕೊಟ್ಟು "ಮೂಲ ಆಕರ, ಬಿಡಬಾರದು" ಅಂದರು. ಇನ್ನೊಬ್ಬರು ಒಂದು ಕೊಟ್ಟು "ಸಂಶೋಧನಾ ಪ್ರಶ್ನೆ ಇಲ್ಲ, ಪೂರ್ವ ಅಧ್ಯಯನಗಳ ಸಮೀಕ್ಷೆ ಇಲ್ಲ, ವಿಧಾನ ಇಲ್ಲ" ಅಂದರು. ಇಬ್ಬರು ಹೇಳಿದ್ದೂ ಸರಿಯೇ.

ಈ ಭಾಗ 1956ರವರೆಗೆ ಮುಂಬೈ ಆಡಳಿತದಲ್ಲಿ ಇತ್ತು. ಕಂದಾಯದ ಕಾಗದ, ಸಾಹುಕಾರರ ಲೆಕ್ಕ ಎಷ್ಟೋ ಮೋಡಿಯಲ್ಲೇ ಇವೆ. ಅದನ್ನು ಓದುವವರು ಈಗ ಎಷ್ಟು ಜನ ಇದ್ದಾರೆ? ಪಿಎಚ್‌ಡಿ ಮಾಡಿದ ನನಗೇ ಬರುವುದಿಲ್ಲ. ಮಾಸ್ತರಿಗೆ ಫೋನ್ ಮಾಡಿ ಎರಡು ಪುಟದ ಫೋಟೋ ಕೇಳಿದೆ. ಕಳಿಸಿದರು, ಜೊತೆಗೆ ಪುಟದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡ ಓದು. "ಪೇಪರ್ ಹ್ಯಾಂಗ್ ಬರೀಬೇಕ್ರಿ ಮೇಡಂ, ನನಗ ಗೊತ್ತಿಲ್ಲ" ಅಂದರು. ಬರೆಯಬೇಡಿ ಸರ್, ಪುಟ ತೋರಿಸಿ, ಓದಿ, ಅಂದೆ. ಒಂದು ಕೊಟ್ಟ ಪರಿಶೀಲಕರಿಗೂ ಆ ಫೋಟೋ ಕಳಿಸಿದೆ. ಅವರು ಅಂಕ ಬದಲಿಸಲಿಲ್ಲ. "ನೀವು ಸಂಚಾಲಕರು, ಹಾಕ್ಕೊಳ್ರಿ. ನನ್ನ ಅಂಕ ಹಂಗೇ ಇರ್ಲಿ" ಅಂದರು. ನನಗೆ ಅದು ಇಷ್ಟವಾಯಿತು.

ಇನ್ನೊಂದು ಜಗಳ ಆಲಮಟ್ಟಿ ಅಣೆಕಟ್ಟೆಯದು. ಹಿನ್ನೀರಿಗೆ ಹೋದ ಹಳೆ ಬಾಗಲಕೋಟೆಯ ಪೇಟೆಯಲ್ಲಿ ಯಾವ ಅಂಗಡಿ ಎಲ್ಲಿತ್ತು ಅಂತ ವ್ಯಾಪಾರಿಗಳನ್ನು ಮಾತಾಡಿಸಿ ನಕ್ಷೆ ಮಾಡುತ್ತಿರುವ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಐದು ಮತ್ತು ಎರಡು. ಎರಡು ಕೊಟ್ಟವರ ತಕರಾರು, ಇದು ಸಮಾಜಶಾಸ್ತ್ರ, ಇತಿಹಾಸ ಅಲ್ಲ. ಆದರೆ ನಾನು ಇಲ್ಲಿ ಬಾಯಿ ಹಾಕುವಂತಿರಲಿಲ್ಲ. ನನ್ನ ತವರುಮನೆ ಇದ್ದದ್ದೇ ಆ ಮುಳುಗಿದ ಭಾಗದಲ್ಲಿ. ಆ ನಕ್ಷೆಯಲ್ಲಿ ನಮ್ಮ ಓಣಿ ಇದೆಯೋ ಇಲ್ಲವೋ ಅಂತ ನಾನು ಹುಡುಕಿದ್ದು ಪರಿಶೀಲನೆ ಅನ್ನಿಸಿಕೊಳ್ಳುವುದಿಲ್ಲ ಅಲ್ವಾ? ಕಡತವನ್ನು ಮೂರನೆಯವರಿಗೆ ಕಳಿಸಿ ಸುಮ್ಮನಾದೆ. ಅವರು ನಾಲ್ಕು ಕೊಟ್ಟು ಬರೆದರು: ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಾಧಿಕರಣ 2010ರಲ್ಲೇ ಅನುಮತಿ ಕೊಟ್ಟಿದೆ, ಇನ್ನಷ್ಟು ನೆಲ ಮುಳುಗುವುದಿದೆ, ಹಿಂದೆ ಮುಳುಗಿದ್ದನ್ನು ಈಗ ದಾಖಲಿಸದೆ ಯಾವಾಗ ದಾಖಲಿಸುತ್ತೀರಿ? ಆಯ್ಕೆ ಆಯಿತು.

ಇಷ್ಟೆಲ್ಲ ಅಂಕದ ಬಗ್ಗೆ ನನಗೆ ಇರುವ ಅನುಮಾನಕ್ಕೆ ಒಂದು ಆಧಾರವೂ ಇದೆ. ಕಂಪ್ಯೂಟರ್ ವಿಜ್ಞಾನದವರ ನಿಪ್ಸ್ ಸಮ್ಮೇಳನದಲ್ಲಿ 2014ರಲ್ಲಿ ಒಂದು ಪ್ರಯೋಗ ಮಾಡಿದರು. 166 ಪ್ರಬಂಧಗಳನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕೊಟ್ಟರು. 43ರಲ್ಲಿ ಒಂದು ಸಮಿತಿ ಬೇಕು ಅಂದದ್ದನ್ನು ಇನ್ನೊಂದು ಬೇಡ ಅಂದಿತು. ಕೇಳಿದರೆ ನಾಲ್ಕನೇ ಒಂದು ಭಾಗ, ಅಷ್ಟೇನೂ ಅಲ್ಲ ಅನಿಸುತ್ತದೆ. ಆದರೆ ಅಲ್ಲಿ ಆಯ್ಕೆಯಾಗುವುದೇ ಕಾಲು ಭಾಗಕ್ಕಿಂತ ಕಡಿಮೆ. ಹಾಗಾಗಿ ಒಂದು ಸಮಿತಿ ಆರಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಇನ್ನೊಂದು ಸಮಿತಿಯ ಪಟ್ಟಿಯಲ್ಲಿ ಇರಲಿಲ್ಲ. ಅಷ್ಟು ದೊಡ್ಡ ವ್ಯವಸ್ಥೆ ಇದ್ದವರ ಕಥೆಯೇ ಹೀಗೆ. ನಾವು ಅರ್ಧ ಅಂಕದ ಲೆಕ್ಕದಲ್ಲಿ 3.5ನ್ನು ಒಳಗೆ, 3ನ್ನು ಹೊರಗೆ ಅಂತ ಗೆರೆ ಎಳೆದು ನ್ಯಾಯ ಅನ್ನುವುದು ಯಾಕೆ?

ಪಟ್ಟಿ ಮುಗಿದ ಮೇಲೆ ಬೇಡ ಅಂದವರಿಗೆ ತಿಳಿಸುವ ಕೆಲಸ. ಎಲ್ಲರಿಗೂ ಪರಿಶೀಲಕರ ಎರಡು ಸಾಲು ಸೇರಿಸಿ ಮೇಲ್ ಕಳಿಸಿದೆ. ಫೋನ್ ಶುರುವಾಯಿತು. "ಮೇಡಂ, ಪ್ರಮೋಷನ್ ಐತ್ರಿ, ಒಂದ್ ಸರ್ಟಿಫಿಕೇಟ್ ಆದ್ರ ಸಾಕು, ಓದೂದು ಬ್ಯಾಡ." "ನಮ್ಮ ಗೈಡ್ ಮಾತಾಡ್ತಾರಂತ್ರಿ." ಒಬ್ಬರು ನನ್ನ ಮಾವನವರ ಕಡೆಯ ನೆಂಟಸ್ತಿಕೆ ಹುಡುಕಿ, ಮನೆಗೇ ಫೋನ್ ಮಾಡಿಸಿದರು. ಮಾವ ಪೇಪರ್ ಓದುತ್ತಾ, "ಸೆಮಿನಾರಿಗೆ ಸೀಟು ಇಲ್ಲಂತ, ಹೇಳು ಅವ್ರಿಗೆ" ಅಂತ ಅತ್ತೆಗೆ ಹೇಳಿದರು. ಅಲ್ಲಿಗೆ ಮುಗಿಯಿತು. ಓದದೆ ಸರ್ಟಿಫಿಕೇಟ್ ಕೊಡುವುದಕ್ಕೆ ನಾನು ಒಪ್ಪಲಿಲ್ಲ. ಆದರೆ ಕಾಯುವ ಪಟ್ಟಿ ಒಂದು ಇಟ್ಟಿದ್ದೆ. ಆಯ್ಕೆಯಾದವರು ಕೊನೇ ವಾರ ಕೈಕೊಡುವುದು ಗ್ಯಾರಂಟಿ. ಓಒಡಿ (ಹೊರಗಿನ ಕೆಲಸಕ್ಕೆ ಹೋಗಲು ಕಾಲೇಜು ಕೊಡುವ ಅನುಮತಿ) ಸಿಗಲಿಲ್ಲ, ಪರೀಕ್ಷೆಯ ಕೆಲಸ ಬಂತು, ಮದುವೆ ಬಂತು. ಆ ಪಟ್ಟಿಯವರಲ್ಲಿ ಹಲವರು ಬಂದು ಓದಿದರು.

ಯಾರು ಯಾರ ಪಕ್ಕ ಮಾತಾಡಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಎರಡು ಸಭಾಂಗಣ ಇದ್ದಾಗ ಶಾಸನದ ಎರಡು ಗೋಷ್ಠಿ ಒಂದೇ ಹೊತ್ತಿಗೆ ಇಟ್ಟರೆ ಕೇಳುವ ಅವೇ ಹತ್ತು ಜನ ಹರಿದು ಹೋಗುತ್ತಾರೆ. ಊಟದ ನಂತರದ ಗೋಷ್ಠಿಗೆ ಫೋಟೋ, ನಕ್ಷೆ ಇರುವವರನ್ನು ಹಾಕಿದೆ, ಬರೀ ಓದುವವರನ್ನು ಬೆಳಗ್ಗೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡ ಮೇಲೆ ಕಾಗದ ನೋಡಿ ಓದುವುದನ್ನು ಕೇಳುವ ಶಕ್ತಿ ಯಾರಿಗೂ ಇಲ್ಲ. ಗೋಷ್ಠಿ ಅಧ್ಯಕ್ಷರಿಗೆ ಸಮಯ ಮುಗಿದಾಗ ಬಾರಿಸಲು ಒಂದು ಗಂಟೆ ಕೊಟ್ಟಿದ್ದೆವು. ಬಾರಿಸುವ ಧೈರ್ಯ ಇದ್ದವರನ್ನೇ ಅಧ್ಯಕ್ಷರು ಮಾಡಿದ್ದೆ. ಆಯ್ಕೆಯ ಮಾನದಂಡ ಅದೊಂದೇ.

ಗುಳೇದಗುಡ್ಡದ ಮಾಸ್ತರಿಗೂ ಗಂಟೆ ಬಿತ್ತು. ಅಜ್ಜನ ಗುಣಗಾನದಲ್ಲೇ ಅರ್ಧ ಸಮಯ ಕಳೆದಿತ್ತು. ಆಮೇಲೆ ಪುಟ ತೋರಿಸಿದರು. ಒಂದು ಅಂಕಿಯನ್ನು ಅವರು ಹೇಗೆ ಓದಿದರೋ ಅದು ಹಾಗಲ್ಲ ಅಂತ ಬೆಳಗಾವಿಯಿಂದ ಬಂದಿದ್ದ ಮೋಡಿ ಬಲ್ಲ ಒಬ್ಬರು ಎದ್ದು ನಿಂತರು. ಪ್ರಶ್ನೆಯ ಐದು ನಿಮಿಷ ಪೂರ್ತಿ ಆ ಒಂದು ಅಂಕಿಯ ಮೇಲೆ ಹೋಯಿತು. ಚಹಾದ ಹೊತ್ತಿಗೂ ಇಬ್ಬರೂ ಮೊಬೈಲಿನಲ್ಲಿ ಪುಟ ದೊಡ್ಡದು ಮಾಡಿಕೊಂಡು ವಾದಿಸುತ್ತಿದ್ದರು. ಒಂದು ಕೊಟ್ಟ ಪರಿಶೀಲಕರು ನನ್ನ ಪಕ್ಕ ಬಂದು, "ಪೇಪರ್ ಅಲ್ರೀ ಅದು. ಆದ್ರ ಚಲೋ ಇತ್ತು" ಅಂದರು.

ಮುಂದಿನ ಬಾರಿಗೆ ಅರ್ಜಿ ನಮೂನೆಯನ್ನು ಈಗಲೇ ಬದಲಿಸಿ ಇಟ್ಟಿದ್ದೇನೆ. 250 ಪದಗಳ ಸಾರಾಂಶದ ಜೊತೆ ಎರಡು ಪ್ರಶ್ನೆ: ನೀವು ನೋಡಿದ ಆಕರ ಯಾವುದು, ಅದು ಈಗ ಎಲ್ಲಿದೆ? ಮತ್ತು ಅದರ ಒಂದು ಫೋಟೋ. ಉತ್ತರ ಒಂದೇ ಸಾಲು ಇದ್ದರೂ ಸಾಕು, ಕೈಬರಹವಾದರೂ ನಡೆಯುತ್ತದೆ. ಪ್ರಾಚಾರ್ಯರು ನಮೂನೆ ನೋಡಿ, "ಇಷ್ಟು ಕೇಳಿದ್ರ ಯಾರ್ ಬರ್ತಾರ್ರೀ, ಇಪ್ಪತ್ತ ಜನಾನೂ ಬರೂದಿಲ್ಲ" ಅಂದರು. ಹಾಗಾದರೆ ಒಂದೇ ಸಭಾಂಗಣ ಸಾಕು ಸರ್, ಅಂದೆ.