ವಿಮಾನ ಪ್ರಯಾಣದಲ್ಲಿ ಇನ್ಸುಲಿನ್: ಸೂಜಿ ಬಿಚ್ಚಿಡಿ

ಇನ್ಸುಲಿನ್ ಅನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಲೇಬೇಡಿ. ಅಲ್ಲಿನ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಿದ್ದರೂ ನಂಬುವಂತಿಲ್ಲ, ಎಸೆಯಬೇಕು. ಇನ್ಸುಲಿನ್ ಪೆನ್, ಸೂಜಿ, ಗ್ಲುಕೋಮೀಟರ್, ಸ್ಟ್ರಿಪ್ ಎಲ್ಲವೂ ಬೇಕಾದದ್ದರ ಎರಡರಷ್ಟು, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲಿರಲಿ.

ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಡುವುದು ಹಲವರ ಅಭ್ಯಾಸ. ದಯವಿಟ್ಟು ಬಿಡಿ. ವಿಮಾನ ಮೇಲೇರಿದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಕಾರ್ಟ್ರಿಡ್ಜಿನೊಳಗಿನ (ಪೆನ್ನಿನಲ್ಲಿ ಔಷಧ ತುಂಬಿರುವ ಕೊಳವೆ) ಗಾಳಿ ಹಿಗ್ಗುತ್ತದೆ, ಔಷಧ ಸೋರುತ್ತದೆ. ಕೆಳಗಿಳಿಯುವಾಗ ಹೊರಗಿನ ಗಾಳಿ ಒಳಸೇರುತ್ತದೆ. ಗುಳ್ಳೆಯಿದ್ದರೆ ಡೋಸ್ ಕಡಿಮೆಯಾಗುತ್ತದೆ. ಚುಚ್ಚಿಕೊಳ್ಳುವ ಮುನ್ನ ಹೊಸ ಸೂಜಿ ಹಾಕಿ, ತುದಿ ಮೇಲೆ ಮಾಡಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ, 2 ಯೂನಿಟ್ ಹೊರಬಿಡಿ. ಹನಿ ಕಾಣಿಸದಿದ್ದರೆ ಮತ್ತೊಮ್ಮೆ.

ಊಟದ ಇನ್ಸುಲಿನ್ ತಟ್ಟೆ ಎದುರಿಗೆ ಬಂದ ಮೇಲೆಯೇ. ಊಟದ ಗಾಡಿ ಕಾಣಿಸಿತೆಂದು ಚುಚ್ಚಿಕೊಂಡಿರುತ್ತೀರಿ, ವಿಮಾನ ಕುಲುಕಾಡಿ ಬಡಿಸುವುದು ನಿಲ್ಲುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಅದು 70 mg/dLಗಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಗ್ಲುಕೋಸ್ ಜೇಬಿನಲ್ಲಿರಬೇಕು, ತಲೆಮೇಲಿನ ಕಪಾಟಿನಲ್ಲಲ್ಲ.

ಪೂರ್ವಕ್ಕೆ ಹಾರಿದರೆ ದಿನ ಗಿಡ್ಡ, ಪಶ್ಚಿಮಕ್ಕೆ ಉದ್ದ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಆ ದಿನ ಎಷ್ಟು, ಯಾವಾಗ ಎಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.