ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ

ಕೆಲಸಕ್ಕೆಂದು ಕೊಪ್ಪಳಕ್ಕೆ ಬರುವವರೆಗೂ ನನಗೆ ತಿಂಡಿ ಅಂದರೆ ಇಡ್ಲಿ, ಉಪ್ಪಿಟ್ಟು ಅಷ್ಟೇ. ಚಳಿಗಾಲದಲ್ಲಿ ಪಕ್ಕದ ಮನೆ ಅಕ್ಕ ಬಿಸಿ ಸಜ್ಜೆ ರೊಟ್ಟಿ ಕೊಟ್ಟರು. ಮೇಲೆ ಎಳ್ಳು, ಬೆಣ್ಣೆ, ಜೊತೆಗೆ ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಕೆನೆ ಮೊಸರು. ಆಮೇಲೆ ಇಡ್ಲಿ ನೆನಪಾಗಿದ್ದೇ ಕಮ್ಮಿ!

ಸಜ್ಜೆ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ ಅಲ್ವಾ, ಅದಕ್ಕೇ ಕುದಿಯುವ ನೀರು ಹಾಕಿ ಚೆನ್ನಾಗಿ ನಾದಬೇಕು, ಕೈಯಲ್ಲೇ ತಟ್ಟುತ್ತಾ ತಿರುಗಿಸುತ್ತಾ ಹೋಗಬೇಕು, ಹೆಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಹಿಟ್ಟು ಮಾತ್ರ ಹೊಸದಿರಬೇಕು, ಹಳೆಯದಾದರೆ ಕಹಿ.

ಕಡಕ್ ರೊಟ್ಟಿ ಜಾಸ್ತಿ ದಿನ ಇರುತ್ತದೆ ನಿಜ, ನನಗೆ ಬಿಸಿಯದೇ ಇಷ್ಟ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಯವರು ಗಾಡಿಗಟ್ಟಲೆ ರೊಟ್ಟಿ ತರುತ್ತಾರೆ, ಅಲ್ಲಿ ಜೋಳದ್ದೇ ದರ್ಬಾರು.