ಆಲಿವರ್ ಪಿ.

ಹಳೇ ಕಾಗದವೊಂದರ ಫೋಟೋ ನೋಡುತ್ತಿದ್ದೆ. ಕೆಳಗೆ ಸಹಿ: ‘ಆಲಿವರ್ ಪಿ.’ 17ನೇ ಶತಮಾನದಲ್ಲಿ ರಾಜನಿಲ್ಲದ ಇಂಗ್ಲೆಂಡನ್ನು ಆಳಿದ ಸೇನಾನಿ ಆಲಿವರ್ ಕ್ರಾಮ್‌ವೆಲ್‌ನದು. ಅವನಿಗೆ ಈ ‘ಪಿ’ ಎಲ್ಲಿಂದ ಬಂತು? ನಮ್ಮ ಹಾಗೆ ಅಪ್ಪನ ಇನಿಷಿಯಲ್ ಇರಬಹುದು ಅಂದುಕೊಂಡರೆ, ಅವನ ಅಪ್ಪ ರಾಬರ್ಟ್. ಆಮೇಲೆ ಹೊಳೆಯಿತು, ಅದು ಅವನ ಪದವಿಯಾದ ಪ್ರೊಟೆಕ್ಟರ್‌ನ, ಅಂದರೆ ರಕ್ಷಕನ ‘ಪಿ’. ಇಂಗ್ಲೆಂಡಿನ ರಾಜರು ಹೆಸರಾದ ಮೇಲೆ ‘ಆರ್’ ಬರೆಯುತ್ತಿದ್ದರು. ರೆಕ್ಸ್, ಅಂದರೆ ಲ್ಯಾಟಿನ್‌ನಲ್ಲಿ ರಾಜ. ಇವನು ರಾಜ ಬೇಡ ಅಂದವನು, ಸಹಿ ಮಾತ್ರ ಥೇಟ್ ರಾಜನದೇ!

‘ಲಾರ್ಡ್ ಪ್ರೊಟೆಕ್ಟರ್’ ಅವನು ಹುಟ್ಟಿಸಿದ ಪದವಿ ಅಲ್ಲ. 1422ರಲ್ಲಿ ಐದನೇ ಹೆನ್ರಿ ಸತ್ತಾಗ ಮಗನಿಗೆ ಇನ್ನೂ ಒಂಬತ್ತು ತಿಂಗಳು. ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿ, ಮಗುವಿನ ಚಿಕ್ಕಪ್ಪ, ಪೂರ್ತಿ ಅಧಿಕಾರ ಕೇಳಿದ. ಉಳಿದ ಪ್ರಭುಗಳಿಗೆ ಅವನ ಮೇಲೆ ನಂಬಿಕೆ ಸಾಲದು. ‘ರಕ್ಷಕ’ ಅನ್ನೋ ಹೆಸರು ಕೊಟ್ಟು ಸುಮ್ಮನಾಗಿಸಿದರು. ಅದೂ ಅಣ್ಣ ಬೆಡ್‌ಫರ್ಡ್ ದೇಶದಲ್ಲಿ ಇಲ್ಲದಾಗ ಮಾತ್ರ! 1429ರಲ್ಲಿ ಹುಡುಗನಿಗೆ ಕಿರೀಟ ಇಟ್ಟರು, ಪದವಿ ಹೋಯಿತು. ಅಂದರೆ ಇದು ಅಧಿಕಾರಕ್ಕೆ ಬೇಲಿ ಹಾಕಲು ಹುಡುಕಿದ ಮಾತು.

ಬೇಲಿ ಹೆಚ್ಚು ದಿನ ನಿಲ್ಲಲಿಲ್ಲ. 1483ರಲ್ಲಿ ಇನ್ನೊಬ್ಬ ಚಿಕ್ಕಪ್ಪ, ರಿಚರ್ಡ್, 12 ವರ್ಷದ ಐದನೇ ಎಡ್ವರ್ಡ್‌ಗೆ ರಕ್ಷಕನಾದ. ಜೂನ್ 26ಕ್ಕೆ ತಾನೇ ಮೂರನೇ ರಿಚರ್ಡ್! 1547ರಲ್ಲಿ ಸರದಿ ಸೋದರಮಾವನದು. ಒಂಬತ್ತು ವರ್ಷದ ಆರನೇ ಎಡ್ವರ್ಡ್ ಪರವಾಗಿ ಸಾಮರ್ಸೆಟ್ ಆಳಿದ. ಎರಡೇ ವರ್ಷಕ್ಕೆ ಇಳಿಸಿದರು, 1552ರಲ್ಲಿ ತಲೆ ತೆಗೆದರು.

ಕ್ರಾಮ್‌ವೆಲ್‌ಗೆ ಕಾಯಲು ಮಗುವೇ ಇರಲಿಲ್ಲ ಅಲ್ವಾ? ಒಂದನೇ ಚಾರ್ಲ್ಸ್‌ನ ತಲೆ 1649ರಲ್ಲೇ ಉರುಳಿತ್ತು, ರಾಜಪದವಿಯೇ ರದ್ದಾಗಿತ್ತು. 1653ರ ಡಿಸೆಂಬರ್ 16ರಂದು ಸಾದಾ ಕಪ್ಪು ಬಟ್ಟೆಯಲ್ಲಿ ಬಂದು ಪದವಿ ವಹಿಸಿಕೊಂಡ. ನನಗೆ ಜಾಸ್ತಿ ಇಷ್ಟವಾಗೋದು 1657ರ ಕಥೆ. ‘ರಾಜನಾಗು’ ಅಂತ ಪಾರ್ಲಿಮೆಂಟೇ ದುಂಬಾಲು ಬಿತ್ತು. ಅವರದು ಭಕ್ತಿ ಅಲ್ಲ, ಲೆಕ್ಕಾಚಾರ. ರಾಜ ಏನು ಮಾಡಬಹುದು, ಏನು ಮಾಡಬಾರದು ಅನ್ನೋದಕ್ಕೆ ನೂರಾರು ವರ್ಷದ ಕಾನೂನು ಇತ್ತು. ಪ್ರೊಟೆಕ್ಟರ್‌ಗೆ ಅಂಥ ಹಳೇ ಕಟ್ಟುಪಾಡು ಎಲ್ಲಿತ್ತು? ಅವನನ್ನು ಕಟ್ಟಿಹಾಕೋಕೆ ಕಿರೀಟವೇ ಒಳ್ಳೆ ಹಗ್ಗ! ಸೈನ್ಯದ ಅಧಿಕಾರಿಗಳು ಮಾತ್ರ ಉರಿದುಬಿದ್ದರು. ವಾರಗಟ್ಟಲೆ ಎಳೆದಾಡಿ, ಮೇ 8ರಂದು ಬೇಡ ಅಂದ.

ಜೂನ್ 26ಕ್ಕೆ ಮತ್ತೆ ಸಮಾರಂಭ. ಹೌದು, ಮೂರನೇ ರಿಚರ್ಡ್ ಗದ್ದುಗೆ ಹಿಡಿದ ಅದೇ ತಾರೀಖು. ಈ ಸಲ ನೇರಳೆ ಮಖಮಲ್ಲಿನ ನಿಲುವಂಗಿ, ಕತ್ತಿ, ರಾಜದಂಡ, ಬೈಬಲ್. ರಾಜರ ಪಟ್ಟಾಭಿಷೇಕದ ಕುರ್ಚಿಯನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಿಂದ ಪಕ್ಕದ ಹಾಲ್‌ಗೆ ಹೊತ್ತು ತಂದಿದ್ದರು. ಕಿರೀಟ ಒಂದು ಬಿಟ್ಟು ಎಲ್ಲ ಇತ್ತು. ನಾಟಕ ಅನ್ನಿಸುತ್ತದೆ ನನಗೆ, ಆದರೆ ಆ ಒಂದನ್ನು ಬಿಡೋದೂ ಸುಲಭ ಇರಲಿಲ್ಲ.

1658ರ ಸೆಪ್ಟೆಂಬರ್ 3ರಂದು ಅವನು ಸತ್ತ. ಮಗ ರಿಚರ್ಡ್ ಪ್ರೊಟೆಕ್ಟರ್ ಆದ. ಅಪ್ಪನ ಮಗನೇ ವಾರಸುದಾರ, ಇದೂ ರಾಜರ ಪದ್ಧತಿಯೇ! ಆದರೆ ಸೈನ್ಯ ಅವನ ಮಾತು ಕೇಳಲಿಲ್ಲ. 1659ರ ಮೇ ತಿಂಗಳಲ್ಲಿ ಕೆಳಗಿಳಿದ. ಮರುವರ್ಷ ಒಂದನೇ ಚಾರ್ಲ್ಸ್‌ನ ಮಗ ಎರಡನೇ ಚಾರ್ಲ್ಸ್ ರಾಜನಾಗಿ ವಾಪಸ್ ಬಂದಾಗ ರಿಚರ್ಡ್ ಸಾಲ ಹೊತ್ತುಕೊಂಡು ಯುರೋಪಿಗೆ ಹೋದ. ಅಲ್ಲಿ ‘ಪಿ’ಯೂ ಇಲ್ಲ, ಕ್ರಾಮ್‌ವೆಲ್ಲೂ ಇಲ್ಲ. ಜಾನ್ ಕ್ಲಾರ್ಕ್ ಅಂತ ಹೆಸರು ಹೇಳಿಕೊಂಡು ವರ್ಷಗಟ್ಟಲೆ ಬದುಕಿದ.